ದುಡ್ಡು ಕೊಟ್ಟೂ ಬೈಸಿಕೊಳ್ಳಬೇಕಾ? ಒರಟು ಕಸ್ಟಮರ್ ಕೇರ್ ಎದುರಿಸುವ ಬಗೆ

ದುಡ್ಡು ಕೊಟ್ಟಿದ್ದೀರಿ. ಕೊಂಡ ವಸ್ತು ಕೆಟ್ಟಿದೆ, ಇಲ್ಲವೇ ಬಿಲ್ ತಪ್ಪಾಗಿ ಬಂದಿದೆ. ಕೇಳೋಣ ಅಂತ ಫೋನ್ ಮಾಡಿದರೆ ಆ ಕಡೆಯಿಂದ "ಅದಕ್ಕೆ ನಾನೇನ್ ಮಾಡ್ಲಿ?" ಎಂಬ ಉತ್ತರ. ಅಲ್ಲಿಯವರೆಗೆ ನಿಮಗಿದ್ದದ್ದು ಒಂದೇ ತೊಂದರೆ. ಈಗ ಎರಡಾಯಿತು. ಕೆಟ್ಟ ವಸ್ತು ಒಂದು, ಮನಸ್ಸಿಗಾದ ನೋವು ಇನ್ನೊಂದು.

ಇಲ್ಲಿಂದ ಮುಂದೆ ಎಷ್ಟೋ ಜನ ಎರಡನೆಯದರ ಬೆನ್ನು ಹತ್ತುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ, ಫೋನ್ ಕಟ್ ಆಗುತ್ತದೆ, ಕೈಕಾಲು ನಡುಗುತ್ತಿರುತ್ತವೆ. ತಪ್ಪು ಬಿಲ್ ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನು ಕೆಲವರು "ಯಾಕೆ ಬೇಕು ಈ ರಗಳೆ" ಅಂತ ದುಡ್ಡನ್ನೇ ಬಿಟ್ಟುಬಿಡುತ್ತಾರೆ. ಎರಡರಲ್ಲೂ ನಷ್ಟ ನಿಮಗೇ.

ನಾನು ಹೇಳಬೇಕೆಂದಿರುವುದು ಇಷ್ಟು: ಆಗಬೇಕಾದ ಕೆಲಸವನ್ನೂ ಆದ ಅವಮಾನವನ್ನೂ ಒಂದೇ ಗಂಟು ಕಟ್ಟಬೇಡಿ. ಮೊದಲು ಕೆಲಸ ಮಾಡಿಸಿಕೊಳ್ಳಿ. ಅವಮಾನದ ಬಗ್ಗೆ ಆಮೇಲೆ, ಬರಹದಲ್ಲಿ, ಸರಿಯಾದ ಜಾಗದಲ್ಲಿ ಕೇಳಿ. ಎರಡನ್ನೂ ಕೇಳುವ ಹಕ್ಕು ನಿಮಗಿದೆ. ಹೇಗೆ ಕೇಳಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಅದು ನಿಜಕ್ಕೂ ಒರಟುತನವೇ?

"ಇಲ್ಲ" ಅನ್ನುವುದು ಒರಟುತನವಲ್ಲ. ವಾಪಸು ಕೊಡುವ ಅವಧಿ ಮುಗಿದಿದೆ ಅಂತ ಹೇಳಿದರೆ ನಿಮಗೆ ಬೇಸರವಾಗಬಹುದು, ಆದರೆ ಹೇಳಿದವರ ತಪ್ಪಿಲ್ಲ. ಭಾವನೆಯೇ ಇಲ್ಲದ ದನಿಯಲ್ಲಿ ಓದಿ ಹೇಳಿದಂತೆ ಮಾತಾಡುವುದೂ ಒರಟುತನವಲ್ಲ. ಎಷ್ಟೋ ಕಡೆ ಅವರು ನಿಜವಾಗಿಯೂ ಪರದೆ ಮೇಲಿರುವುದನ್ನು ಓದುತ್ತಿರುತ್ತಾರೆ. ಕಾಯಿಸುವುದು, ಒಂದೇ ಪ್ರಶ್ನೆ ಮೂರು ಸಲ ಕೇಳುವುದು ಕೆಟ್ಟ ಸೇವೆ. ಅದನ್ನು ದೂರಬಹುದು, ಆದರೆ ಅದು ಬೇರೆ ದೂರು.

ಏಕವಚನದಲ್ಲಿ ಮಾತಾಡುವುದು, ದನಿ ಏರಿಸುವುದು, ಮಾತು ಮುಗಿಸಲು ಬಿಡದಿರುವುದು, ನಗಾಡುವುದು, ನೀವು ಸುಳ್ಳು ಹೇಳುತ್ತಿದ್ದೀರಿ ಎಂಬಂತೆ ನಡೆದುಕೊಳ್ಳುವುದು, ಬೇಕೆಂದೇ ಫೋನ್ ಇಡುವುದು. ಇವು ಒರಟುತನ. ಕೌಂಟರಿನಲ್ಲಾದರೆ ನೀವು ಎದುರು ನಿಂತಿರುವಾಗ ಮೊಬೈಲ್ ನೋಡುತ್ತಾ ಕೂರುವುದೂ ಇದರಲ್ಲೇ ಬರುತ್ತದೆ.

ಇದಕ್ಕಿಂತ ಮೇಲಿನದು ಇನ್ನೊಂದಿದೆ. ನಿಮ್ಮ ಭಾಷೆ, ಬಣ್ಣ, ಧರ್ಮ, ಜಾತಿ, ಲಿಂಗ, ವಯಸ್ಸು, ಅಂಗವೈಕಲ್ಯ ಹಿಡಿದು ಆಡಿಕೊಳ್ಳುವುದು, ಬೆದರಿಸುವುದು, ಮೈ ಮುಟ್ಟುವುದು. ಅಲ್ಲಿ "ಮೊದಲು ಕೆಲಸ, ಆಮೇಲೆ ದೂರು" ಎಂಬ ಲೆಕ್ಕ ಬೇಡ. ಅಲ್ಲಿಂದ ಹೊರಡಿ. ನೋಡಿದವರಿದ್ದರೆ ಅವರ ಫೋನ್ ನಂಬರ್ ಕೇಳಿಟ್ಟುಕೊಳ್ಳಿ. ನೇರವಾಗಿ ಮೇಲಿನವರಿಗೆ, ಬೇಕಾದರೆ ಪೊಲೀಸರಿಗೆ ಹೇಳಿ.

ಹೆಜ್ಜೆ 2: ಆ ಕಡೆ ಏನು ನಡೆಯುತ್ತಿದೆ, ತಿಳಿದುಕೊಳ್ಳಿ

ಒರಟಾಗಿ ಮಾತಾಡಿದವರನ್ನು ಕ್ಷಮಿಸಿ ಅಂತ ನಾನು ಹೇಳುತ್ತಿಲ್ಲ. ಅವರ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ನಿಮ್ಮ ಕೆಲಸ ಬೇಗ ಆಗುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ದೊಡ್ಡ ಕಾಲ್ ಸೆಂಟರುಗಳಲ್ಲಿ ಒಂದೊಂದು ಕರೆಗೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಇಡುತ್ತಾರೆ. ಕರೆ ಉದ್ದವಾದಷ್ಟೂ ಫೋನ್ ಎತ್ತಿದವರ ಲೆಕ್ಕ ಕೆಡುತ್ತದೆ. ನೀವು ಕತೆಯನ್ನು ಮೊದಲಿಂದ ಶುರುಮಾಡಿದರೆ ಅವರಿಗೆ ಚಡಪಡಿಕೆ. ಅದೇ ಎರಡು ವಾಕ್ಯದಲ್ಲಿ ವಿಷಯ ಹೇಳಿದರೆ ಅವರಿಗೂ ಅನುಕೂಲ, ನಿಮಗೂ ಅನುಕೂಲ.

ಇನ್ನೊಂದು ವಿಷಯ ಅಧಿಕಾರದ್ದು. ಫೋನ್ ಎತ್ತಿದವರು ಮಾಡಬಹುದಾದದ್ದು ಸ್ವಲ್ಪವೇ. ಇಷ್ಟರವರೆಗೆ ದಂಡ ಮನ್ನಾ ಮಾಡಬಹುದು, ಇಷ್ಟರವರೆಗೆ ಹಣ ವಾಪಸು ಕೊಡಬಹುದು ಅಂತ ಮಿತಿ ಇರುತ್ತದೆ. ಅದರಾಚೆಗೆ ಮೇಲಿನವರ ಒಪ್ಪಿಗೆ ಬೇಕು. ಎಷ್ಟೋ ಸಲ "ಆಗಲ್ಲ" ಅಂದರೆ "ನನ್ನ ಕೈಯಲ್ಲಿ ಆಗಲ್ಲ" ಅಂತ ಅರ್ಥ. ಆಗ ಕೇಳಬೇಕಾದ ಪ್ರಶ್ನೆ ಒಂದೇ: "ನಿಮ್ಮ ಕೈಯಲ್ಲಿ ಆಗದಿದ್ದರೆ ಯಾರ ಕೈಯಲ್ಲಿ ಆಗುತ್ತದೆ?" ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಜಗಳಕ್ಕೆ ಎಡೆಯೇ ಇಲ್ಲದ ಪ್ರಶ್ನೆ ಇದು.

ಸಂಬಳಕ್ಕಾಗಿ ನಗುವುದು, ಸಂಬಳಕ್ಕಾಗಿ ಸಿಟ್ಟು ನುಂಗುವುದು ಎಷ್ಟು ಕಷ್ಟದ ಕೆಲಸ ಅನ್ನುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ವಿವರವಾಗಿ ತೋರಿಸಿದರು. ಅವರು ಗಮನಿಸಿದ್ದು ಎರಡು ಬಗೆಯ ಕೆಲಸಗಾರರನ್ನು. ಒಬ್ಬರು ವಿಮಾನದ ಗಗನಸಖಿಯರು, ಸದಾ ನಗುಮುಖ ಇರಬೇಕಾದವರು. ಇನ್ನೊಬ್ಬರು ಬಾಕಿ ವಸೂಲಿಯವರು, ಗಡುಸಾಗಿ ಮಾತಾಡುವುದೇ ಅವರ ಕೆಲಸ. ಇದು ಗ್ರಾಹಕರಿಗೆ ಉಪಯೋಗಕ್ಕೆ ಬರುವ ಮಾತು. ನೀವು ಮಾತಾಡುತ್ತಿರುವುದು ಸಹಾಯ ಮಾಡುವ ವಿಭಾಗದ ಜೊತೆಗಾ, ವಸೂಲಿ ವಿಭಾಗದ ಜೊತೆಗಾ ಅಂತ ಮೊದಲು ನೋಡಿ. ತಪ್ಪು ಬಿಲ್ ಸರಿಮಾಡಿಸಲು ವಸೂಲಿಯವರ ಹತ್ತಿರ ಎಷ್ಟು ವಾದ ಮಾಡಿದರೂ ಉಪಯೋಗ ಕಡಿಮೆ. "ಬಿಲ್ಲಿನ ಬಗ್ಗೆ ತಕರಾರು ಇದೆ, ಆ ವಿಭಾಗಕ್ಕೆ ಕಳಿಸಿ" ಅನ್ನಿ.

ಹೆಜ್ಜೆ 3: ಫೋನ್ ಮಾಡುವ ಮುಂಚೆ

ಕಾಗದ, ಪೆನ್ನು, ಬಿಲ್, ಆರ್ಡರ್ ನಂಬರ್, ಹಿಂದೆ ಕೊಟ್ಟ ದೂರಿನ ನಂಬರ್ ಎದುರಿಗಿರಲಿ. ಮೇಲೆ ಒಂದು ವಾಕ್ಯ ಬರೆಯಿರಿ: ನನಗೆ ಇವತ್ತು ಏನಾಗಬೇಕು? "ನ್ಯಾಯ ಬೇಕು" ಅಂತಲ್ಲ. "ಎರಡು ಸಲ ಕಟ್ ಆದ ಹಣದಲ್ಲಿ ಒಂದು ಸಲದ್ದು ವಾಪಸು ಬರಬೇಕು" ಅಂತ. ಮಾತು ದಾರಿ ತಪ್ಪಿದಾಗ ಕಣ್ಣು ಆ ವಾಕ್ಯಕ್ಕೆ ಹೋಗಬೇಕು.

ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಮೊದಲು ಕಂಡದ್ದಕ್ಕೆ ಫೋನ್ ಮಾಡಬೇಡಿ. ನಕಲಿ ನಂಬರ್ ಹಾಕಿ ಕಾಯುವ ಮೋಸಗಾರರಿದ್ದಾರೆ. ಬಿಲ್ಲಿನ ಮೇಲೆ, ಕಾರ್ಡಿನ ಹಿಂದೆ, ಕಂಪನಿಯದೇ ಆ್ಯಪ್ ಒಳಗೆ ಇರುವ ನಂಬರ್ ಮಾತ್ರ ನಂಬಿ. ಸಿಟ್ಟಿನಲ್ಲಿ, ಅವಸರದಲ್ಲಿ ಇರುವವರೇ ಇಂಥ ಬಲೆಗೆ ಬೀಳುವುದು ಜಾಸ್ತಿ. ಒಟಿಪಿ, ಪಿನ್, ಪಾಸ್‌ವರ್ಡ್ ಕೇಳಿದರೆ ಮರುಮಾತಿಲ್ಲದೆ ಫೋನ್ ಇಡಿ.

ಹೊಟ್ಟೆ ಹಸಿದಿರುವಾಗ, ಬೇರೆ ಯಾವುದೋ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಇಂಥ ಕರೆ ಮಾಡಲೇಬೇಡಿ. ಕೌಂಟರಿಗೆ ಹೋಗುವುದಾದರೆ ಬಾಗಿಲು ಹಾಕುವ ಹೊತ್ತಿಗೆ ಹೋಗಬೇಡಿ. ಬರಹದಲ್ಲಿ ಕೇಳುವ ದಾರಿ ಇದ್ದರೆ, ಅಂದರೆ ಚಾಟ್ ಅಥವಾ ಇಮೇಲ್ ಇದ್ದರೆ, ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ. ಬರಹದಲ್ಲಿ ಒರಟಾಗಿ ನಡೆದುಕೊಳ್ಳಲು ಯಾರಿಗಾದರೂ ಹಿಂಜರಿಕೆ ಇರುತ್ತದೆ. ಚಾಟ್ ಮುಗಿದ ತಕ್ಷಣ ಅದರ ಪ್ರತಿ ಇಳಿಸಿಕೊಳ್ಳಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆಯಿರಿ. ಕಿಟಕಿ ಮುಚ್ಚಿದ ಮೇಲೆ ಅದು ಸಿಗದೇ ಹೋಗಬಹುದು.

ಹೆಜ್ಜೆ 4: ಮಾತು ಒರಟಾದ ಆ ಗಳಿಗೆಯಲ್ಲಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ವಾಷಿಂಗ್ ಮಷಿನ್ ಕೆಟ್ಟಿದೆ. ಟೆಕ್ನಿಷಿಯನ್ ಬರುತ್ತೇನೆ ಅಂದವರು ಬರಲಿಲ್ಲ. ನೀವು ಫೋನ್ ಮಾಡಿದ್ದೀರಿ.

"ಮನೆ ಬಾಗಿಲು ಹಾಕಿತ್ತು ಅಂತ ಇಲ್ಲಿ ಬರೆದಿದೆ. ನೀವು ಮನೇಲಿ ಇರಬೇಕಿತ್ತು."

"ನಾನು ಇಡೀ ದಿನ ಮನೆಯಲ್ಲೇ ಇದ್ದೆ ಮೇಡಂ. ಯಾರೂ ಬರಲಿಲ್ಲ, ಫೋನೂ ಬರಲಿಲ್ಲ."

"ಎಲ್ಲಾರೂ ಹೀಗೇ ಹೇಳ್ತಾರೆ."

ಇಲ್ಲೇ ಮಾತು ಎರಡು ದಾರಿ ಹಿಡಿಯಬಹುದು. "ಏನ್ರೀ ಹಾಗಂದ್ರೆ? ನಾನು ಸುಳ್ಳು ಹೇಳ್ತೀನಾ?" ಅಂದರೆ ಮುಂದಿನ ಹತ್ತು ನಿಮಿಷ ನೀವು ಸುಳ್ಳುಗಾರರೋ ಅಲ್ಲವೋ ಎಂಬುದರ ಬಗ್ಗೆಯೇ ಮಾತು. ಮಷಿನ್ ಮರೆತುಹೋಗುತ್ತದೆ. ಅದರ ಬದಲು ಒಂದು ಉಸಿರು ಎಳೆದುಕೊಳ್ಳಿ. ದನಿ ತಗ್ಗಿಸಿ, ನಿಧಾನವಾಗಿ ಹೀಗೆ ಹೇಳಿ:

"ಮೇಡಂ, ನನ್ನ ಮಾತು ಸುಳ್ಳು ಅನ್ನೋ ಹಾಗೆ ಮಾತಾಡಬೇಡಿ. ನನಗೆ ಬೇಕಿರೋದು ನಾಳೆ ಟೆಕ್ನಿಷಿಯನ್ ಬರೋದು. ಅದಕ್ಕೆ ಈಗ ನೀವೇನು ಮಾಡಬಹುದು, ಹೇಳಿ."

ಮೂರು ವಾಕ್ಯ. ಮೊದಲನೆಯದು ಅವರು ಮಾಡಿದ್ದು ಸರಿಯಲ್ಲ ಅಂತ ನೇರವಾಗಿ ಹೇಳುತ್ತದೆ, ಒಂದೇ ಸಲ. ಎರಡನೆಯದು ನಿಮಗೆ ಬೇಕಾದ್ದನ್ನು ಮತ್ತೆ ಎದುರಿಗಿಡುತ್ತದೆ. ಮೂರನೆಯದು ಪ್ರಶ್ನೆ, ಉತ್ತರ ಹೇಳುವ ಸರದಿ ಈಗ ಅವರದು. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ನಿಮಗೆ ಇರುಸುಮುರುಸು ಅನಿಸಬಹುದು. ತುಂಬಲು ಹೋಗಬೇಡಿ. ಅವರು ಮಾತಾಡಲಿ.

ಅವರು ಮತ್ತೆ ಬೇರೆ ಕಡೆ ಎಳೆದರೆ ಅದೇ ವಾಕ್ಯ, ಅದೇ ದನಿಯಲ್ಲಿ. "ಸರಿ ಮೇಡಂ. ನಾಳೆ ಟೆಕ್ನಿಷಿಯನ್ ಬರೋದಕ್ಕೆ ಏನು ಮಾಡಬಹುದು?" ಮೂರನೆಯ ಸಲವೂ ಅಷ್ಟೇ. ಹೊಸ ವಾದ ಸೇರಿಸಬೇಡಿ. ಒಂದೊಂದು ಹೊಸ ವಾದವೂ ಅವರಿಗೆ ಹಿಡಿದು ಎಳೆಯಲು ಸಿಕ್ಕ ಹೊಸ ದಾರ.

ಏಕವಚನ ಬಂದರೆ ಅದನ್ನೂ ಹೀಗೇ ಒಂದೇ ವಾಕ್ಯದಲ್ಲಿ ಮುಗಿಸಿ: "ಮರ್ಯಾದೆ ಕೊಟ್ಟು ಮಾತಾಡಿ, ನಾನೂ ಹಾಗೇ ಮಾತಾಡ್ತಿದ್ದೀನಿ." ನೀವು ಮಾತ್ರ ಏಕವಚನಕ್ಕೆ ಇಳಿಯಬೇಡಿ. ಇದು ಬರೀ ಸಂಸ್ಕಾರದ ಮಾತಲ್ಲ. ಆ ಕರೆ ರೆಕಾರ್ಡ್ ಆಗುತ್ತಿದ್ದರೆ ನಾಳೆ ಅದನ್ನು ಕೇಳುವ ಮೇಲಧಿಕಾರಿಗೆ ಎರಡೂ ದನಿ ಕೇಳಿಸುತ್ತದೆ. ಒಂದು ಕಡೆ ಮಾತ್ರ ಒರಟಾಗಿದ್ದರೆ ನಿಮ್ಮ ದೂರು ಗಟ್ಟಿ. ಎರಡೂ ಕಡೆ ಬೈಗುಳ ಇದ್ದರೆ "ಗ್ರಾಹಕರೇ ಕೂಗಾಡಿದರು" ಅಂತ ಬರೆದು ಮುಚ್ಚುವುದು ಸುಲಭ. ಬೈಗುಳ ಬಂದರೆ ಒಮ್ಮೆ ಎಚ್ಚರಿಸಿ ಕರೆ ನಿಲ್ಲಿಸಬಹುದು ಅಂತ ಎಷ್ಟೋ ಕಂಪನಿಗಳಲ್ಲಿ ನಿಯಮವೇ ಇದೆ.

ಕೆಲವು ಮಾತು ಆಡಲೇಬೇಡಿ. "ನಾನು ಯಾರು ಗೊತ್ತಾ?" ಬೇಡ. "ನಿನ್ನ ಕೆಲಸ ತೆಗೆಸ್ತೀನಿ" ಅಂತೂ ಬೇಡವೇ ಬೇಡ. ದುಡ್ಡು ಕೊಟ್ಟದ್ದು ಸೇವೆಗೆ. ಎದುರಿನವರನ್ನು ಹೆದರಿಸುವ ಹಕ್ಕು ಅದರ ಜೊತೆ ಬರುವುದಿಲ್ಲ. ಈ ಮಾತನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಕೌಂಟರಿನ ಆ ಕಡೆ ಇರುವವರಿಗೂ ಮನೆ ಮಠ ಇದೆ, ಹಿಂದಿನ ಕರೆಯಲ್ಲಿ ಯಾರೋ ಅವರನ್ನು ಅಳಿಸಿರಬಹುದು.

ಮೇಲಿನವರ ಜೊತೆ ಮಾತಾಡಬೇಕು ಅನಿಸಿದರೆ ಬೆದರಿಕೆಯ ದನಿ ಬೇಡ. "ಇದು ನಿಮ್ಮ ಅಧಿಕಾರದಲ್ಲಿ ಇಲ್ಲ ಅನಿಸುತ್ತೆ. ಸೂಪರ್‌ವೈಸರ್‌ಗೆ ಕನೆಕ್ಟ್ ಮಾಡಿ, ನಾನು ಲೈನಿನಲ್ಲೇ ಇರ್ತೀನಿ." ಕೊನೆಯ ಮಾತು ಮುಖ್ಯ. "ಅವರೇ ವಾಪಸ್ ಕಾಲ್ ಮಾಡ್ತಾರೆ" ಎಂಬ ಉತ್ತರ ಬರುವುದು ಸಾಮಾನ್ಯ. ಆ ಕಾಲ್ ಬರದೇ ಇರುವುದೂ ಸಾಮಾನ್ಯ. ಬೇರೆ ದಾರಿಯೇ ಇಲ್ಲದಿದ್ದರೆ ದೂರಿನ ನಂಬರ್, ಕಾಲ್ ಬರುವ ದಿನ, ಹೊತ್ತು ಮೂರನ್ನೂ ಕೇಳಿ ಬರೆದುಕೊಳ್ಳಿ. ನೀವು ಬರೆದದ್ದನ್ನು ಅವರಿಗೇ ಓದಿ ಹೇಳಿ: "ನಾಳೆ ಸಂಜೆ 5 ಗಂಟೆ ಒಳಗೆ ಕಾಲ್ ಬರುತ್ತೆ ಅಂತ ಬರೆದುಕೊಂಡಿದ್ದೀನಿ, ಸರೀನಾ?"

ಹೆಸರನ್ನು ಕೇಳಬೇಕಾದ್ದು ಮಾತು ಶುರುವಾದಾಗ, ಜಗಳ ಶುರುವಾದಾಗ ಅಲ್ಲ. ಶುರುವಿನಲ್ಲಿ ಕೇಳಿದರೆ ಅದು ಪರಿಚಯ. ಆಮೇಲೆ ಕೇಳಿದರೆ ಬೆದರಿಕೆಯಂತೆ ಕೇಳಿಸುತ್ತದೆ.

ಕರೆ ರೆಕಾರ್ಡ್ ಮಾಡಿಕೊಳ್ಳುವ ಬಗ್ಗೆ ಎಚ್ಚರವಿರಲಿ. ಕೆಲವು ದೇಶಗಳಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು. ಇನ್ನು ಕೆಲವು ಕಡೆ ಇಬ್ಬರ ಒಪ್ಪಿಗೆಯೂ ಬೇಕು. "ನಾನೂ ರೆಕಾರ್ಡ್ ಮಾಡಿಕೊಳ್ತಿದ್ದೀನಿ" ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆ ಹೇಳಿದ ಕೂಡಲೇ ಎದುರಿನ ದನಿ ಮೃದುವಾಗುವುದೂ ಉಂಟು.

ಕೌಂಟರಿನಲ್ಲಿ, ಎದುರೆದುರು

ಎದುರೆದುರು ನಿಂತಾಗ ಹಿಂದೆ ಸಾಲು ಇರುತ್ತದೆ. ನೋಡುವವರಿದ್ದಾರೆ ಅಂದರೆ ಇಬ್ಬರಿಗೂ ಸೋಲಲು ಮನಸ್ಸಿರುವುದಿಲ್ಲ. ಆದ್ದರಿಂದ ಜಾಗ ಬದಲಿಸಿ. "ಹಿಂದೆ ಜನ ಕಾಯ್ತಿದ್ದಾರೆ, ಪಕ್ಕಕ್ಕೆ ಬರ್ತೀನಿ. ಮ್ಯಾನೇಜರ್‌ನ ಕರೀತೀರಾ?" ಅಂದರೆ ಸಾಲಿನವರೂ ನಿಮ್ಮ ಪರ, ಕೌಂಟರಿನವರಿಗೂ ಬಿಡುಗಡೆ. ಕೂರಲು ಜಾಗವಿದ್ದರೆ ಕೂತೇ ಮಾತಾಡಿ. ನಿಂತು ಮಾತಾಡುವಾಗ ದನಿ ತಾನಾಗಿ ಏರುತ್ತದೆ.

ಮೊಬೈಲ್ ತೆಗೆದು ಮುಖಕ್ಕೆ ಹಿಡಿದು ವಿಡಿಯೋ ಮಾಡುವುದನ್ನು ನಾನು ಒಪ್ಪುವುದಿಲ್ಲ. ಒಬ್ಬ ಮನುಷ್ಯನ ದಿನದ ಅತ್ಯಂತ ಕೆಟ್ಟ ನಿಮಿಷವನ್ನು ಊರಿಗೆಲ್ಲ ತೋರಿಸಿದರೆ ನಿಮ್ಮ ಹಣ ವಾಪಸು ಬರುವುದಿಲ್ಲ. ಬಿಲ್ಲು, ಬೋರ್ಡಿನ ಮೇಲೆ ಬರೆದ ನಿಯಮ, ಕೆಟ್ಟ ವಸ್ತು ಇವುಗಳ ಫೋಟೋ ತೆಗೆದುಕೊಳ್ಳಿ. ದೂರಿಗೆ ಬೇಕಾದ್ದು ಅವೇ.

ಹೆಜ್ಜೆ 5: ಫೋನ್ ಇಟ್ಟ ಮೇಲಿನ ಹತ್ತು ನಿಮಿಷ

ಆಗಲೇ ಬರೆಯಿರಿ. ನಾಳೆಗೆ ಬಿಟ್ಟರೆ ನೆನಪಿರುವುದು ನೋವು ಮಾತ್ರ, ವಿವರ ಅಲ್ಲ. ದಿನಾಂಕ, ಕರೆ ಶುರುವಾದ ಹೊತ್ತು, ಮುಗಿದ ಹೊತ್ತು, ಮಾತಾಡಿದವರು ಹೇಳಿದ ಹೆಸರು, ದೂರಿನ ನಂಬರ್. ಜೊತೆಗೆ ಅವರು ಆಡಿದ ಮಾತು ಆಡಿದ ಹಾಗೇ. "ತುಂಬಾ ಕೆಟ್ಟದಾಗಿ ಮಾತಾಡಿದರು" ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. "ಎಲ್ಲಾರೂ ಹೀಗೇ ಹೇಳ್ತಾರೆ ಅಂದರು" ಅಂತ ಬರೆದರೆ ಎಲ್ಲ ಗೊತ್ತಾಗುತ್ತದೆ.

ಹೊತ್ತು ಯಾಕೆ ಬೇಕು ಅಂದರೆ, "ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಅಂತ ಹೇಳುತ್ತಾರಲ್ಲ, ಆ ಎಲ್ಲ ಕರೆಗಳನ್ನೂ ಯಾರೂ ಕೂತು ಕೇಳುವುದಿಲ್ಲ. ಅಲ್ಲೊಂದು ಇಲ್ಲೊಂದು ಆರಿಸಿ ಕೇಳುತ್ತಾರೆ. ನಿಮ್ಮ ಕರೆಯನ್ನು ಯಾರಾದರೂ ಕೇಳಬೇಕಾದರೆ ನೀವೇ ಬೆರಳಿಟ್ಟು ತೋರಿಸಬೇಕು. ರೆಕಾರ್ಡಿಂಗ್ ಶಾಶ್ವತವಾಗಿ ಉಳಿಯುವುದೂ ಇಲ್ಲ, ಸ್ವಲ್ಪ ಕಾಲದ ಮೇಲೆ ಅಳಿಸುತ್ತಾರೆ. ದೂರು ಬೇಗ ಕೊಟ್ಟು, ಅದರಲ್ಲೇ "ಈ ಕರೆಯ ರೆಕಾರ್ಡಿಂಗ್ ಅಳಿಸದೆ ಇಟ್ಟುಕೊಳ್ಳಿ" ಅಂತ ಕೇಳಿ.

ಕೆಲಸ ಅರ್ಧಕ್ಕೇ ನಿಂತಿದೆಯಾ? ಟೀ ಕುಡಿದು, ಸುಧಾರಿಸಿಕೊಂಡು ಮತ್ತೆ ಫೋನ್ ಮಾಡಿ. ಹೆಚ್ಚಿನ ಸಲ ಬೇರೆಯವರು ಎತ್ತುತ್ತಾರೆ. ಹಿಂದಿನ ಕರೆಯ ಸಿಟ್ಟನ್ನು ಇವರ ಮೇಲೆ ಹಾಕಬೇಡಿ, ಇವರಿಗೆ ಅದು ಗೊತ್ತಿಲ್ಲ. ಒರಟಾಗಿ ಮಾತಾಡಿದ ಒಬ್ಬರಿಂದ ಸಿಗದ ಉತ್ತರ ಇನ್ನೊಬ್ಬರಿಂದ ಎರಡೇ ನಿಮಿಷದಲ್ಲಿ ಸಿಗುವುದು ಅಪರೂಪವಲ್ಲ.

ಹೆಜ್ಜೆ 6: ಎರಡು ಪತ್ರ

ಈಗ ಬರಹದ ದೂರು. ಒಂದಲ್ಲ, ಎರಡು. ಒಂದೇ ಪತ್ರದಲ್ಲಿ ಎರಡೂ ಬರೆದರೆ ಏನಾಗುತ್ತದೆ ಗೊತ್ತಾ? "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಒಂದು ಉತ್ತರ ಬರುತ್ತದೆ, ದೂರು ಮುಚ್ಚುತ್ತದೆ, ಮಷಿನ್ ಹಾಗೇ ಇರುತ್ತದೆ. ಬೇರೆ ಬೇರೆ ಕಳಿಸಿದರೆ ಬೇರೆ ಬೇರೆ ನಂಬರ್ ಬರುತ್ತದೆ. ಒಂದನ್ನು ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ.

ಮೊದಲ ಪತ್ರ ಹೀಗಿರಲಿ:

"ಮಾರ್ಚ್ 4ರಂದು ವಾಷಿಂಗ್ ಮಷಿನ್ ರಿಪೇರಿಗೆ ದೂರು ಕೊಟ್ಟಿದ್ದೇನೆ. ದೂರಿನ ಸಂಖ್ಯೆ ಮೇಲಿದೆ. ಮಷಿನ್ ಇನ್ನೂ ವಾರಂಟಿಯಲ್ಲಿದೆ, ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಮಾರ್ಚ್ 6ರಂದು ಬರಬೇಕಿದ್ದ ಟೆಕ್ನಿಷಿಯನ್ ಬರಲಿಲ್ಲ. 'ಬಾಗಿಲು ಹಾಕಿತ್ತು' ಎಂದು ನಿಮ್ಮಲ್ಲಿ ದಾಖಲಾಗಿದೆ. ಅದು ಸರಿಯಲ್ಲ, ನಾನು ಮನೆಯಲ್ಲೇ ಇದ್ದೆ. ಆ ದಿನ ನನ್ನ ಫೋನಿಗೆ ನಿಮ್ಮಿಂದ ಯಾವ ಕರೆಯೂ ಬಂದಿಲ್ಲ. ಮಾರ್ಚ್ 10ರ ಒಳಗೆ ಟೆಕ್ನಿಷಿಯನ್ ಕಳಿಸಿ ರಿಪೇರಿ ಮಾಡಿಸಿ. ಬರುವ ದಿನ ಮತ್ತು ಹೊತ್ತನ್ನು ಇಮೇಲಿನಲ್ಲಿ ತಿಳಿಸಿ."

ಎಷ್ಟು ಚಿಕ್ಕದಾಗಿದೆ ನೋಡಿ. ಬೇಸರ, ನಿರಾಸೆ, "ಇಂಥ ದೊಡ್ಡ ಕಂಪನಿಯಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಯಾವುದೂ ಇಲ್ಲ. ಏನಾಯಿತು, ಏನಾಗಬೇಕು, ಯಾವಾಗ ಆಗಬೇಕು. ಅಷ್ಟೇ.

ಎರಡನೆಯದು:

"ಮಾರ್ಚ್ 7ರಂದು ಬೆಳಗ್ಗೆ 11.20ಕ್ಕೆ ನಿಮ್ಮ ಕಸ್ಟಮರ್ ಕೇರ್‌ಗೆ ಇದೇ ನಂಬರಿನಿಂದ ಕರೆ ಮಾಡಿದ್ದೆ. ಟೆಕ್ನಿಷಿಯನ್ ಬರಲಿಲ್ಲ ಎಂದು ಹೇಳಿದಾಗ ನಿಮ್ಮ ಸಿಬ್ಬಂದಿ 'ಎಲ್ಲಾರೂ ಹೀಗೇ ಹೇಳ್ತಾರೆ' ಎಂದರು. ಸೂಪರ್‌ವೈಸರ್ ಜೊತೆ ಮಾತಾಡಬೇಕು ಎಂದು ಎರಡು ಸಲ ಕೇಳಿದಾಗ ಕರೆ ಕಟ್ ಮಾಡಿದರು. ದಯವಿಟ್ಟು ಆ ರೆಕಾರ್ಡಿಂಗ್ ಕೇಳಿ, ನೀವು ತೆಗೆದುಕೊಂಡ ಕ್ರಮವನ್ನು ಬರಹದಲ್ಲಿ ತಿಳಿಸಿ. ರಿಪೇರಿಯ ದೂರು ಬೇರೆ ಇದೆ. ಇದಕ್ಕೆ ಉತ್ತರ ಕೊಟ್ಟು ಅದನ್ನು ಮುಚ್ಚಬೇಡಿ."

"ಅವರನ್ನು ಕೆಲಸದಿಂದ ತೆಗೆಯಿರಿ" ಅಂತ ಬರೆಯಬೇಡಿ. ಏನು ಮಾಡಬೇಕು ಅನ್ನುವುದು ಕಂಪನಿಯ ಕೆಲಸ. ಒಬ್ಬರ ಒರಟುತನದ ಹಿಂದೆ ತರಬೇತಿ ಇಲ್ಲದಿರುವುದು, ಬಿಡುವಿಲ್ಲದೆ ದುಡಿಸುವುದು ಇರಬಹುದು. ನಿಮ್ಮ ಪತ್ರ ಅದನ್ನೂ ಬಯಲಿಗೆ ತಂದರೆ ಮುಂದಿನ ಗ್ರಾಹಕರಿಗೆ ಒಳ್ಳೆಯದು.

ಹೆಜ್ಜೆ 7: ಉತ್ತರ ಬಾರದಿದ್ದರೆ ಮೇಲಕ್ಕೆ

ಗ್ರಾಹಕರ ಮಾತು ಕೇಳಿಸಿಕೊಳ್ಳುವುದು ಕಂಪನಿ ತೋರುವ ದೊಡ್ಡಸ್ತಿಕೆ ಅಂತ ಭಾವಿಸಬೇಡಿ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. ಸುರಕ್ಷತೆ, ಮಾಹಿತಿ, ಆಯ್ಕೆ, ಇವುಗಳ ಜೊತೆ ನಾಲ್ಕನೆಯದು ನಮ್ಮ ಮಾತನ್ನು ಕೇಳಿಸಿಕೊಳ್ಳಬೇಕು ಎಂಬ ಹಕ್ಕು. ಅದರ ನೆನಪಿಗೇ 1983ರಿಂದ ಮಾರ್ಚ್ 15ನ್ನು ವಿಶ್ವ ಗ್ರಾಹಕ ಹಕ್ಕುಗಳ ದಿನ ಅಂತ ಆಚರಿಸುತ್ತಾರೆ. ವಿಶ್ವಸಂಸ್ಥೆ 1985ರಲ್ಲಿ ಗ್ರಾಹಕ ರಕ್ಷಣೆಯ ಮಾರ್ಗಸೂಚಿ ಒಪ್ಪಿಕೊಂಡಿತು, 2015ರಲ್ಲಿ ಅದನ್ನು ಪರಿಷ್ಕರಿಸಿತು. ಕಂಪನಿಗಳು ದೂರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಐಎಸ್ಒ 10002 ಎಂಬ ಅಂತಾರಾಷ್ಟ್ರೀಯ ಮಾನದಂಡ 2004ರಿಂದಲೇ ಇದೆ. ದೂರು ತಲುಪಿದೆ ಅಂತ ತಿಳಿಸುವುದು, ಅದು ಎಲ್ಲಿಗೆ ಬಂತು ಅಂತ ಹೇಳುತ್ತಿರುವುದು, ದೂರು ಕೊಡಲು ಹಣ ಕೇಳದಿರುವುದು ಇವೆಲ್ಲ ಅದರಲ್ಲಿವೆ. ಕಂಪನಿಯ ವೆಬ್‌ಸೈಟಿನಲ್ಲಿ ಅವರದೇ ದೂರಿನ ನಿಯಮಗಳಿದ್ದರೆ ಓದಿ, ಅದರ ಸಾಲನ್ನೇ ನಿಮ್ಮ ಪತ್ರದಲ್ಲಿ ಬಳಸಿ.

ಮೆಟ್ಟಿಲು ಹತ್ತುವ ಕ್ರಮ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಕಸ್ಟಮರ್ ಕೇರ್, ಆಮೇಲೆ ಕಂಪನಿಯ ದೂರು ವಿಭಾಗ ಅಥವಾ ಮುಖ್ಯ ಕಚೇರಿ, ಆಮೇಲೆ ಹೊರಗಿನವರು. ಬ್ಯಾಂಕು, ವಿಮೆ, ಟೆಲಿಫೋನ್, ವಿದ್ಯುತ್ ಇಂಥ ಸೇವೆಗಳಿಗೆ ಎಷ್ಟೋ ದೇಶಗಳಲ್ಲಿ ನಿಯಂತ್ರಣ ಸಂಸ್ಥೆ ಅಥವಾ ಓಂಬುಡ್ಸ್‌ಮನ್, ಅಂದರೆ ಜನರ ದೂರು ಕೇಳಿ ವಿಚಾರಿಸುವ ಸ್ವತಂತ್ರ ಅಧಿಕಾರಿ, ಇದ್ದಾರೆ. 1809ರಲ್ಲಿ ಸ್ವೀಡನ್ನಿನಲ್ಲಿ ಸರ್ಕಾರಿ ಅಧಿಕಾರಿಗಳ ಮೇಲೆ ಕಣ್ಣಿಡಲು ಶುರುವಾದ ಹುದ್ದೆ ಅದು, ಈಗ ಬ್ಯಾಂಕಿನ ಗ್ರಾಹಕರಿಗೂ ಉಪಯೋಗಕ್ಕೆ ಬರುತ್ತಿದೆ. ಬೇರೆ ವಸ್ತು, ಸೇವೆಗಳಿಗೆ ಗ್ರಾಹಕ ನ್ಯಾಯಾಲಯ ಅಥವಾ ಸಣ್ಣ ಮೊತ್ತದ ವ್ಯಾಜ್ಯ ನೋಡುವ ನ್ಯಾಯಾಲಯ. ಹೊರಗಿನವರ ಹತ್ತಿರ ಹೋದಾಗ ಮೊದಲ ಪ್ರಶ್ನೆ "ಕಂಪನಿಗೆ ಬರೆದಿರಾ?" ಅಂತಲೇ ಇರುತ್ತದೆ. ಆ ಎರಡು ಪತ್ರ ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಇನ್ನೊಂದು ದಾರಿ ಇದೆ, ಚಾರ್ಜ್‌ಬ್ಯಾಕ್. ವಸ್ತು ಬರಲೇ ಇಲ್ಲ, ಹೇಳಿದ್ದಕ್ಕಿಂತ ಬೇರೆಯದೇ ಬಂತು, ಎರಡು ಸಲ ಹಣ ಕಟ್ ಆಯಿತು ಎಂಬಂಥ ಸಂದರ್ಭದಲ್ಲಿ ನಿಮ್ಮ ಬ್ಯಾಂಕಿಗೆ ಹೇಳಿ ಹಣ ವಾಪಸು ಕೇಳಬಹುದು. ಇದಕ್ಕೆ ಗಡುವಿದೆ, ತಡಮಾಡಬೇಡಿ. "ನನ್ನ ಜೊತೆ ಒರಟಾಗಿ ಮಾತಾಡಿದರು" ಎಂಬ ಕಾರಣಕ್ಕೆ ಚಾರ್ಜ್‌ಬ್ಯಾಕ್ ಸಿಗುವುದಿಲ್ಲ. ನ್ಯಾಯಾಲಯ, ಓಂಬುಡ್ಸ್‌ಮನ್ ಮುಂದೆಯೂ ಸಾಮಾನ್ಯವಾಗಿ ಸೇವೆಯಲ್ಲಾದ ಲೋಪವೇ ಮುಖ್ಯ, ಒರಟುತನ ಅದರ ಜೊತೆಗಿನ ಮಾತು. ಎರಡನ್ನೂ ಒಂದೇ ಗಂಟು ಕಟ್ಟಬೇಡಿ ಅಂತ ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಎಲ್ಲರೆದುರು ಹೇಳಿಕೊಳ್ಳುವುದಾದರೆ

ಸೋಷಿಯಲ್ ಮೀಡಿಯಾದಲ್ಲಿ ಬರೆದರೆ ಕಂಪನಿಗಳು ಬೇಗ ಉತ್ತರಿಸುವುದು ನಿಜ. ಬರೆಯುವುದಾದರೆ ನಡೆದದ್ದನ್ನು ಮಾತ್ರ ಬರೆಯಿರಿ. ಸಿಬ್ಬಂದಿಯ ಹೆಸರು, ಫೋಟೋ ಬೇಡ. "ಕಳ್ಳರು", "ಮೋಸಗಾರರು" ಎಂಬ ಮಾತುಗಳೂ ಬೇಡ, ಮಾನನಷ್ಟದ ತಕರಾರಿಗೆ ದಾರಿಯಾಗಬಹುದು. ನಿಮ್ಮ ಖಾತೆ ನಂಬರ್, ಫೋನ್ ನಂಬರ್, ಆರ್ಡರ್ ನಂಬರ್ ಹಾಕಲೇಬೇಡಿ. ನಿಮ್ಮ ಪೋಸ್ಟಿನ ಕೆಳಗೆ ಕಂಪನಿಯ ಹೆಸರು, ಲೋಗೋ ಇಟ್ಟುಕೊಂಡು "ಸಹಾಯ ಮಾಡ್ತೀವಿ, ಮೆಸೇಜ್ ಮಾಡಿ" ಅಂತ ನಕಲಿಗಳು ಬರುತ್ತಾರೆ. ಅದು ಅಸಲಿ ಖಾತೆಯೇ ಅಂತ ನೋಡದೆ ಮಾತು ಮುಂದುವರಿಸಬೇಡಿ.

ನಮ್ಮ ಮನೆಯ ಹಿರಿಯರ ಪರವಾಗಿ

ಒರಟು ಮಾತಿನ ಪೆಟ್ಟು ಜಾಸ್ತಿ ಬೀಳುವುದು ವಯಸ್ಸಾದವರಿಗೆ, ಆ ಭಾಷೆ ಸರಿಯಾಗಿ ಬಾರದವರಿಗೆ, ಆ್ಯಪ್ ಬಳಸಲು ತಡವರಿಸುವವರಿಗೆ. ಅವರು ದೂರು ಕೊಡುವುದಿಲ್ಲ, ತಮಗೇ ಗೊತ್ತಾಗಲಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಇದು ನನಗೆ ತುಂಬಾ ಬೇಸರದ ವಿಷಯ.

ಅಪ್ಪನ ಫೋನ್ ಕಿತ್ತುಕೊಂಡು ನೀವೇ ಮಾತಾಡಬೇಡಿ. ಅದು ಅವರಿಗೆ ಇನ್ನೊಂದು ಅವಮಾನ. ಸ್ಪೀಕರ್ ಹಾಕಿ ಪಕ್ಕದಲ್ಲಿ ಕೂತುಕೊಳ್ಳಿ. ಅವರೇ ಶುರುಮಾಡಲಿ. ಎದುರಿನವರು ಗಡಿಬಿಡಿ ಮಾಡಿದರೆ "ಅವರಿಗೆ ಸ್ವಲ್ಪ ನಿಧಾನವಾಗಿ ಹೇಳಿ, ನಾನು ಅವರ ಮಗಳು, ಇಲ್ಲೇ ಇದ್ದೀನಿ" ಅಂದರೆ ಸಾಕು. ಹೆಚ್ಚಿನ ಕಂಪನಿಗಳು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಇಲ್ಲದೆ ಬೇರೆಯವರ ಜೊತೆ ಮಾತಾಡುವುದಿಲ್ಲ. "ನನ್ನ ಪರವಾಗಿ ಮಗಳು ಮಾತಾಡ್ತಾಳೆ" ಅಂತ ಅವರ ಬಾಯಿಂದಲೇ ಹೇಳಿಸಿ. ಅವರಿಗೆ ಬರುವ ಭಾಷೆಯಲ್ಲಿ ಮಾತಾಡುವವರು ಇದ್ದಾರಾ ಅಂತಲೂ ಶುರುವಿನಲ್ಲೇ ಕೇಳಿ. ಇದ್ದರೂ ಕೇಳದೆ ಕೊಡುವುದಿಲ್ಲ.

ಹೆಜ್ಜೆ 8: ಬಿಟ್ಟು ಹೊರಡುವುದಾದರೆ, ಒಪ್ಪಿಕೊಳ್ಳುವುದಾದರೆ

ಸಾಕಾಗಿ ಸೇವೆಯನ್ನೇ ನಿಲ್ಲಿಸಲು ಹೊರಟರೆ, ನಿಮ್ಮನ್ನು ಉಳಿಸಿಕೊಳ್ಳುವುದೇ ಕೆಲಸವಾಗಿರುವ ವಿಭಾಗಕ್ಕೆ ಕರೆ ಹೋಗಬಹುದು. ಅಲ್ಲಿ ರಿಯಾಯಿತಿಯ ಆಸೆ ತೋರಿಸುತ್ತಾರೆ, ಆಗದಿದ್ದರೆ ಬಿಗಿಯಾಗುತ್ತಾರೆ. ಕಾರಣ ವಿವರಿಸಬೇಡಿ, ವಿವರಿಸಿದಷ್ಟೂ ವಾದ. "ತೀರ್ಮಾನ ಆಗಿದೆ, ನಿಲ್ಲಿಸಿ" ಅಷ್ಟೇ ಹೇಳಿ. ನಿಲ್ಲಿಸಿದ್ದಕ್ಕೆ ಬರಹದಲ್ಲಿ ದೃಢೀಕರಣ ಪಡೆಯಿರಿ. ತಿಂಗಳು ತಿಂಗಳು ತಾನಾಗಿ ಹಣ ಕಟ್ ಆಗುವ ವ್ಯವಸ್ಥೆಯನ್ನು ಬ್ಯಾಂಕಿನ ಕಡೆಯಿಂದಲೂ ರದ್ದು ಮಾಡಿ. ಹಳೆಯ ಬಿಲ್ಲುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಖಾತೆ ಮುಚ್ಚಿದ ಮೇಲೆ ಲಾಗಿನ್ ಆಗದಿರಬಹುದು.

ಯಾರೋ ಒಬ್ಬರು ತಾಳ್ಮೆಯಿಂದ ಕೇಳಿ ಕೆಲಸ ಮಾಡಿಕೊಟ್ಟರೆ ಅವರ ಹೆಸರು ಹಾಕಿ ಎರಡು ಸಾಲು ಬರೆದು ಕಳಿಸಿ. ದೂರಿನಷ್ಟೇ ಹೊಗಳಿಕೆಯೂ ಅವರ ದಾಖಲೆಗೆ ಸೇರಬೇಕು ಅಲ್ವಾ?

ಕಂಪನಿ ಕ್ಷಮೆ ಕೇಳಿದರೆ ಒಪ್ಪಿಕೊಳ್ಳಿ, ಎಳೆದಾಡಬೇಡಿ. ಜೊತೆಗೆ ಕೂಪನ್ನೋ ಸ್ವಲ್ಪ ಹಣವೋ ಕೊಡುತ್ತೇವೆ ಅಂದರೆ ಅದು ಯಾವ ದೂರಿಗೆ ಅಂತ ಕೇಳಿ. ಒರಟುತನಕ್ಕೆ ಕೊಟ್ಟ ಕೂಪನ್ ತೆಗೆದುಕೊಂಡದ್ದಕ್ಕೆ ರಿಪೇರಿಯ ದೂರೂ ಇತ್ಯರ್ಥವಾಯಿತು ಅಂತ ಬರೆದುಕೊಳ್ಳುವುದುಂಟು. "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲು ಇರುವ ಕಾಗದಕ್ಕೆ ಪೂರ್ತಿ ಓದದೆ ಸಹಿ ಹಾಕಬೇಡಿ. "ಸಮಸ್ಯೆ ಬಗೆಹರಿಯಿತೇ?" ಅಂತ ಬರುವ ಮೆಸೇಜಿಗೆ "ಹೌದು" ಒತ್ತುವ ಮುಂಚೆ ಹಣ ಖಾತೆಗೆ ಬಂದಿದೆಯಾ, ಮಷಿನ್ ಒಂದು ಸಲ ಪೂರ್ತಿ ಓಡಿದೆಯಾ ಅಂತ ನೋಡಿ. ಇಲ್ಲದಿದ್ದರೆ "ಇಲ್ಲ" ಒತ್ತಿ.